ಒಂದು ಚೊಂಬು ಕೊಸರು

ಆ ಟೇಪಿನ ತುಂಡು, ಅಂಟಿದ ಪ್ಲಾಸ್ಟಿಕ್ ಸಮೇತ ಕತ್ತರಿಸಿಕೊಂಡದ್ದು, ಇವತ್ತಿಗೂ ನನ್ನ ಹತ್ತಿರ ಇದೆ. ಅದರ ಮೇಲೆ ನನ್ನ ಸಹಿ ಇದೆ. ಒಂದು ಕಡೆಯೂ ಬಿಟ್ಟುಕೊಂಡಿಲ್ಲ. ನನಗೇ ಅನುಮಾನ ಬಂದಾಗಲೆಲ್ಲ ಅದನ್ನು ಬೀರುವಿನಿಂದ ತೆಗೆದು ನೋಡುತ್ತೇನೆ. ಹಾಗಾಗಿ ಇದು ಕನಸಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿರುವುದೂ ಅಲ್ಲ. ಹೇರೋಹಳ್ಳಿಯ ನಮ್ಮ ಮನೆಯಲ್ಲಿ, ನಾನು ಎಚ್ಚರವಾಗಿದ್ದಾಗಲೇ ನಡೆದದ್ದು.

ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಹೋಗಿದ್ದವು. ಎರಡು ವರ್ಷ ಡಯಾಲಿಸಿಸ್ ಆದ ಮೇಲೆ ನಮ್ಮ ಅತ್ತೆ, ಇವರ ತಾಯಿ, ತಮ್ಮದೇ ಒಂದು ಕಿಡ್ನಿ ಕೊಟ್ಟರು.

ಅತ್ತೆ ಕುರುಬರಹಳ್ಳಿಯಲ್ಲಿ ಮೂವತ್ತು ವರ್ಷ ರಸ್ತೆ ಬದಿ ಕೂತು ಹೂವು ಮಾರಿದವರು. ಮೊಳ ಹಾಕಿ ಅಳೆದ ಮೇಲೂ ನಾಲ್ಕು ಬೆರಳು ಕೊಸರು ಬಿಟ್ಟೇ ಕತ್ತರಿಸುತ್ತಿದ್ದರು. ಆಪರೇಷನ್ನಿಗೆ ಸಹಿ ಹಾಕಿಸಿಕೊಳ್ಳುವಾಗ ಡಾಕ್ಟರಮ್ಮ, ಭಯ ಇದೆಯಾ ಅಜ್ಜಿ ಎಂದು ಕೇಳಿದ್ದರು.

"ನಂಗೇನ್ ಭಯ? ಒಂದ್ ಕೇಳಿದೀರಾ, ಒಂದ್ ಕೊಡ್ತಿದೀನಿ. ಕೊಸರು ಕೊಡಕ್ಕಾಗಲ್ವಲ್ಲಾ ಅನ್ನೋದೇ ಬೇಜಾರು" ಎಂದು ಅತ್ತೆ ನಕ್ಕಿದ್ದರು.

ಆಪರೇಷನ್ ಚೆನ್ನಾಗೇ ಆಯಿತು. ತಿಂಗಳು ಕಳೆದ ಮೇಲೆ ಇವರ ಹೊಟ್ಟೆಯ ಬಲಗಡೆ, ಕೆಳಗೆ, ಉಬ್ಬತೊಡಗಿತು. ಬಲಗಾಲು ಊದಿತು. ಮೂತ್ರ ಕಮ್ಮಿಯಾಯಿತು. ಸ್ಕ್ಯಾನ್ ಮಾಡಿದರೆ ಹೊಸ ಕಿಡ್ನಿಯ ಸುತ್ತ ನೀರು ಕಟ್ಟಿಕೊಂಡಿತ್ತು. ಆಪರೇಷನ್ನಿನಲ್ಲಿ ಕತ್ತರಿಸಿದ ಸಣ್ಣ ಸಣ್ಣ ನಾಳಗಳಿಂದ ಒಸರುವ ನೀರಂತೆ ಅದು. ಹಾಗೇ ಬಿಟ್ಟರೆ ಕಿಡ್ನಿಯನ್ನು ಒತ್ತಿ ಕೆಡಿಸುತ್ತದೆ ಎಂದರು. ಆ ಜಾಗಕ್ಕೆ ಒಂದು ಸಣ್ಣ ಕೊಳವೆ ಹಾಕಿ, ತುದಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿ ಮನೆಗೆ ಕಳಿಸಿದರು. ದಿನಾ ಬೆಳಗ್ಗೆ ಎಷ್ಟು ಬಂತೆಂದು ಬರೆದಿಡಬೇಕು. ದಿನದಿಂದ ದಿನಕ್ಕೆ ಇಳಿದರೆ ಕೊಳವೆ ತೆಗೆಯುತ್ತಾರೆ. ಇಳಿಯದಿದ್ದರೆ ಮತ್ತೆ ಹೊಟ್ಟೆಗೆ ಕತ್ತರಿ.

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಕಚೇರಿ ಕೆಲಸ ಮಾಡುತ್ತೇನೆ. ಬರೆದಿಡುವುದು ನನಗೆ ಅಭ್ಯಾಸ. ಮುನ್ನೂರು ಎಂಎಲ್, ಇನ್ನೂರು, ನೂರಿಪ್ಪತ್ತು... ಆ ಮಂಗಳವಾರ ಅರವತ್ತು, ಬುಧವಾರ ಐವತ್ತು. ಇವರ ಮುಖದಲ್ಲಿ ಗೆಲುವು ಬಂದಿತ್ತು.

ಅತ್ತೆಯ ಮುಖದಲ್ಲಿ ಮಾತ್ರ ಇರಲಿಲ್ಲ. ದಿನಾ ಬೆಳಗ್ಗೆ ಎದ್ದ ಕೂಡಲೇ "ಎಷ್ಟು ಬಂತಮ್ಮ?" ಎನ್ನುವರು. ನಾನು ಹೇಳುವ ಅಂಕಿ ಇಳಿದಷ್ಟೂ ಅವರು ಬಾಡುತ್ತಿದ್ದರು. ಬುಧವಾರ, ಐವತ್ತು ಎಂದಾಗ, "ನಂದು ಮುದಿ ಕಿಡ್ನಿ ಕಣಮ್ಮ, ಸುಸ್ತಾಗೋಯ್ತೇನೋ" ಎಂದರು.

ಆಗ ಗೊತ್ತಾಯಿತು. ಚೀಲದಲ್ಲಿ ಬೀಳುವುದು ತಮ್ಮ ಕಿಡ್ನಿ ಮಾಡುವ ಮೂತ್ರ ಎಂದೇ ಅವರು ತಿಳಿದಿದ್ದರು. ಜಾಸ್ತಿ ಬಂದಷ್ಟೂ ಒಳ್ಳೆಯದು ಎಂದು. ಅದಲ್ಲ ಅತ್ತೆ, ಇದು ಬೇರೆ ನೀರು ಎಂದು ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಹೇಳೋಣ ಎಂದುಕೊಂಡು ಹೋದೆ. ಸಂಜೆ ಹೇಳಲಿಲ್ಲ.

ಗುರುವಾರ ಬೆಳಗ್ಗೆ ಚೀಲ ಬಿಗಿದು ನಿಂತಿತ್ತು. ನಾನೂರ ನಲವತ್ತು.

ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಅತ್ತೆ ಮಾತ್ರ ನಗುತ್ತಾ ದೇವರಿಗೆ ದೀಪ ಹಚ್ಚಿದರು. "ನೋಡಿದ್ಯಾ, ಕೈ ಬಿಡಲಿಲ್ಲ ನಂದು" ಎಂದರು.

ನನ್ನ ಅನುಮಾನ ಶುರುವಾದದ್ದು ಆ ನಗುವಿನಿಂದ.

ಆ ರಾತ್ರಿ ಏನೋ ಸದ್ದಾಗಿ ಕಣ್ಣು ಬಿಟ್ಟೆ. ಹಾಲಿನಲ್ಲಿ ಇವರ ಮಂಚ, ಪಕ್ಕದಲ್ಲಿ ನನ್ನ ಚಾಪೆ. ಮಂಚದ ಆ ಬದಿಯಲ್ಲಿ ಅತ್ತೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಚೀಲ ಅವರ ಅಂಗೈ ಮೇಲಿತ್ತು. ಏನತ್ತೆ ಎಂದರೆ, ಸುಮ್ಮನೆ ನೋಡುತ್ತಿದ್ದೆ ಎಂದು ಎದ್ದು ಹೋದರು. ಬೆಳಗ್ಗೆ ನಾನೂರ ಮೂವತ್ತು. ಶನಿವಾರ ನಾನೂರ ಇಪ್ಪತ್ತು.

ಶನಿವಾರವೇ ಇವರನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ. ಚೀಲದ ನೀರನ್ನು ಲ್ಯಾಬಿಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಮಧ್ಯಾಹ್ನ ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಮುಚ್ಚಿದರು. ಕಿಡ್ನಿಯ ಸುತ್ತ ನೀರು ಹೆಚ್ಚುಕಮ್ಮಿ ಬತ್ತಿದೆಯಂತೆ. ಹಾಗಾದರೆ ಚೀಲಕ್ಕೆ ಬರುತ್ತಿರುವುದು ಎಲ್ಲಿಂದ?

"ಇದ್ರಲ್ಲಿ ಮುಕ್ಕಾಲುವಾಸಿ ಬರೀ ನೀರಮ್ಮ. ಕುಡಿಯೋ ನೀರಿನ ಥರ ಇದೆ" ಎಂದು ಅವರು ದನಿ ತಗ್ಗಿಸಿದರು. "ಮನೇಲಿ ಯಾರಾದ್ರೂ ಬ್ಯಾಗ್ ಓಪನ್ ಮಾಡ್ತಿದಾರಾ?"

ಅವರು ಸಿಟ್ಟಿನಲ್ಲೇ ವಿವರಿಸಿದರು. ಕಿಡ್ನಿ ಒಗ್ಗಲೆಂದು ಇವರಿಗೆ ರೋಗ ತಡೆಯುವ ಶಕ್ತಿ ಕುಗ್ಗಿಸುವ ಮಾತ್ರೆ ನಡೆಯುತ್ತಿದೆ. ಹೊರಗಿನ ನೀರಿನ ಒಂದು ಕ್ರಿಮಿ ಆ ಕೊಳವೆ ಹತ್ತಿದರೂ ಕಿಡ್ನಿ ಹೋಗುತ್ತದೆ, ಜೀವಕ್ಕೂ ಅಪಾಯ. ಹೊಸ ಚೀಲ ಹಾಕಿ, ಸೋಮವಾರ ಬನ್ನಿ, ಯಾರಿಗೂ ಮುಟ್ಟಲು ಬಿಡಬೇಡಿ ಎಂದರು.

ಮನೆಯಲ್ಲಿದ್ದವರು ಮೂವರೇ.

ಪರೀಕ್ಷೆಯ ಪ್ರಶ್ನೆಪತ್ರಿಕೆ ಕಟ್ಟುಗಳನ್ನು ಸೀಲ್ ಮಾಡಿ, ಟೇಪಿನ ಮೇಲೂ ಕಾಗದದ ಮೇಲೂ ಬರುವ ಹಾಗೆ ಅಡ್ಡ ಸಹಿ ಹಾಕುವುದು ಸ್ಕೂಲಿನಲ್ಲಿ ನನ್ನ ಕೆಲಸ. ತೆಗೆದರೆ ಸಹಿ ಮುರಿಯುತ್ತದೆ. ಆ ರಾತ್ರಿ ಚೀಲದ ಕೆಳಗಿನ ಬಾಯಿಗೂ, ಮೇಲೆ ಕೊಳವೆ ಸೇರುವ ಜಾಗಕ್ಕೂ ಹಾಗೇ ಟೇಪು ಸುತ್ತಿ ಸಹಿ ಹಾಕಿದೆ.

ಅದೂ ಸಾಲದೆನಿಸಿತು.

ಅತ್ತೆಯ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು. ನಲ್ಲಿ ಇಲ್ಲ. ರಾತ್ರಿ ಕುಡಿಯಲೆಂದು ಹಿತ್ತಾಳೆ ಚೊಂಬಿನಲ್ಲಿ ಕತ್ತಿನ ತನಕ ನೀರು ತುಂಬಿ, ಮುಚ್ಚಳ ಹಾಕಿ ನಾನೇ ಇಡುತ್ತಿದ್ದೆ. ಅವತ್ತೂ ಇಟ್ಟೆ. ಹೊರಗೆ ಬಂದು, ಅವರು ಮಲಗಿದ್ದು ಖಾತ್ರಿಯಾದ ಮೇಲೆ ಹೊರಗಿನಿಂದ ಚಿಲಕ ಹಾಕಿದೆ. ಸದ್ದಾಗದಂತೆ.

ನಾನು ನಿದ್ದೆ ಮಾಡಲಿಲ್ಲ. ಗಂಟೆ ಎರಡು ದಾಟಿರಬೇಕು. ಬೀದಿನಾಯಿಗಳೂ ಸುಮ್ಮನಾಗಿದ್ದವು.

ಮೊದಲು ವಾಸನೆ ಬಂತು. ನೆನೆಸಿದ ಬಾಳೆನಾರು, ಮರುಗ... ಹೂವಿನ ಬುಟ್ಟಿಯ ವಾಸನೆ. ಅತ್ತೆ ಹೂವು ಬಿಟ್ಟು ಆರು ವರ್ಷವಾಗಿತ್ತು. ಮನೆಯಲ್ಲಿ ಒಂದೆಳೆ ನಾರೂ ಇರಲಿಲ್ಲ.

ಆಮೇಲೆ ಸದ್ದು. ಯಾರೋ ಚೊಂಬು ಓರೆ ಮಾಡಿ, ಯಾರಿಗೂ ಎಚ್ಚರವಾಗದಿರಲೆಂದು ಸಣ್ಣಗೆ ನೀರು ಬಗ್ಗಿಸಿದ ಹಾಗೆ...

ಮೊಬೈಲ್ ಟಾರ್ಚ್ ಹಾಕಿದೆ. ಮಂಚದ ಸುತ್ತ ಯಾರೂ ಇಲ್ಲ. ಇವರು ಬಾಯಿ ತೆರೆದುಕೊಂಡು ಮಲಗಿದ್ದರು. ಹೊಟ್ಟೆಯಿಂದ ಬರುವ ಕೊಳವೆಯಲ್ಲಿ ಒಂದು ಹನಿಯೂ ಹರಿಯುತ್ತಿರಲಿಲ್ಲ.

ಚೀಲ ಮಾತ್ರ ತುಂಬುತ್ತಿತ್ತು.

ನನ್ನ ಕಣ್ಣೆದುರಿಗೇ ನೀರು ಇನ್ನೂರರ ಗೆರೆ ದಾಟಿತು. ಮುನ್ನೂರು ದಾಟಿತು. ಮುಟ್ಟಿ ನೋಡಿದೆ. ಎರಡೂ ಟೇಪು, ಎರಡೂ ಸಹಿ ಹಾಗೇ ಇದ್ದವು. ಮೈಯಿಂದ ಆಗತಾನೆ ಬಂದ ನೀರು ಮೈಯಷ್ಟೇ ಬೆಚ್ಚಗಿರುತ್ತದೆ, ದಿನಾ ಹಿಡಿದು ನನಗೆ ಗೊತ್ತು. ಇದು ತಣ್ಣಗಿತ್ತು. ಇಡೀ ರಾತ್ರಿ ಹಿತ್ತಾಳೆಯಲ್ಲಿಟ್ಟ ನೀರಿನ ಹಾಗೆ ತಣ್ಣಗೆ.

ಎದ್ದು ಅತ್ತೆಯ ಕೋಣೆಯ ಹತ್ತಿರ ಹೋದೆ. ಚಿಲಕ ಹಾಕಿದಂತೆಯೇ ಇತ್ತು. ಒಳಗೆ ಉಸಿರಿನ ಸದ್ದೂ ಇಲ್ಲ. ಬಾಗಿಲಿಗೆ ಬಾಯಿ ಹತ್ತಿರ ತಂದು, "ಅತ್ತೆ, ಎಚ್ಚರ ಇದೀರಾ?" ಎಂದೆ.

ಬಾಗಿಲ ಆ ಬದಿಯಿಂದ, ನನ್ನ ಕಿವಿಯ ಎತ್ತರದಲ್ಲೇ, ತೀರಾ ಮೆತ್ತಗೆ ಕೇಳಿತು.

"ಎಷ್ಟು ಬಂತಮ್ಮ?"

ನಾನು ಚಿಲಕ ತೆಗೆಯಲಿಲ್ಲ. ಚಾಪೆಗೆ ಬಂದು, ಹೊದಿಕೆ ಮುಚ್ಚಿಕೊಂಡು ಬೆಳಕಾಗುವ ತನಕ ಕೂತಿದ್ದೆ.

ಬೆಳಗ್ಗೆ ಬಾಗಿಲು ತೆರೆದಾಗ ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು. ಚೊಂಬಿನ ಮುಚ್ಚಳ ಮುಚ್ಚಿಯೇ ಇತ್ತು. ಎತ್ತಿದೆ... ಹಗುರವಾಗಿತ್ತು. ಒಳಗೆ ಒಂದು ಹನಿ ಇರಲಿಲ್ಲ. ನೆಲ ಒಣಗಿತ್ತು. ಅವರ ಸೀರೆ ಒಣಗಿತ್ತು. ಕಿಟಕಿಗೆ ಸೊಳ್ಳೆ ಪರದೆ ಬಿಗಿದಿತ್ತು.

ಕುಡಿದಿರಾ ಎಂದು ಕೇಳಿದೆ. ಇಲ್ಲ, ರಾತ್ರಿ ಬಾಯಾರಿ ನೋಡಿದರೆ ಖಾಲಿ ಇತ್ತು, ನೀನು ಮರೆತಿರಬೇಕು ಎಂದುಕೊಂಡೆ ಎಂದರು. ಆಮೇಲೆ ನನ್ನ ಮುಖ ನೋಡದೆ, "ಬಾತ್‌ರೂಮಿಗೂ ಹೋಗ್ಬೇಕಿತ್ತು. ಬಾಗ್ಲು ಎಲ್ಲೋ ಹಿಡ್ಕೊಂಡಿತ್ತು. ನೀವೆಲ್ಲ ಮಲಗಿದ್ರಲ್ಲ, ಸುಮ್ನಿದ್ದೆ" ಎಂದರು.

ಆ ಬಾಗಿಲು ಯಾವತ್ತೂ ಹಿಡಿದುಕೊಂಡಿದ್ದಿಲ್ಲ. ಅದು ಅವರಿಗೂ ಗೊತ್ತು.

ಚೀಲ ನಾನೂರ ಹತ್ತು ತೋರಿಸುತ್ತಿತ್ತು. ಚೊಂಬನ್ನು ಅಡುಗೆಮನೆಗೆ ತಂದು ಎಂದಿನಂತೆ ಕತ್ತಿನ ತನಕ ತುಂಬಿ, ಅಳತೆ ಜಾಡಿಗೆ ಸುರಿದೆ. ಸರಿಯಾಗಿ ನಾನೂರು. ಪುಸ್ತಕ ತೆರೆದೆ. ನಾನೂರ ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಒಂದೊಂದು ಚೊಂಬು ನೀರು ಕಳೆದರೆ ಉಳಿಯುವುದು ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಇವರ ಒಳಗಿನ ನೀರು ತನ್ನ ಪಾಡಿಗೆ ಇಳಿಯುತ್ತಲೇ ಇತ್ತು. ಮೇಲಿನದು ಕೊಸರು.

ಪುಸ್ತಕ ಮುಚ್ಚಿಟ್ಟೆ. ಅನುಮಾನ ಹೋಗಿರಲಿಲ್ಲ, ಆದರೆ ಯಾರ ಮೇಲೆ ಪಡಬೇಕೋ ಗೊತ್ತಾಗಲಿಲ್ಲ.

ಅವತ್ತು ಭಾನುವಾರ. ಇವರು ಮಲಗಿದ್ದಾಗ ಅತ್ತೆಯ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಚೀಲದ್ದು ನಿಮ್ಮ ಕಿಡ್ನಿಯ ನೀರಲ್ಲ, ಅದರ ಸುತ್ತ ಕಟ್ಟಿಕೊಂಡ ಬೇಡದ ನೀರು, ಅದು ಇಳಿಯಬೇಕು, ಇಳಿಯದಿದ್ದರೆ ಮಗನ ಹೊಟ್ಟೆ ಮತ್ತೆ ಕೊಯ್ಯುತ್ತಾರೆ ಎಂದೆ. ನಿಮ್ಮ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಅದರ ನೀರು ಇವರು ಬಾತ್‌ರೂಮಿಗೆ ಹೋದಾಗ ಬರುವುದು ಎಂದೂ ಹೇಳಿದೆ.

ಅವರು ತಮ್ಮ ಎಡಗಡೆಯ ಗಾಯದ ಮೇಲೆ ಕೈ ಇಟ್ಟುಕೊಂಡರು.

"ಮೊದ್ಲೇ ಹೇಳ್ಬಾರ್ದಿತ್ತಾ ಮಂಜುಳಾ? ನಾನು ದಿನಾ ರಾತ್ರಿ ಬೇಡ್ಕೋತಿದ್ನಲ್ಲೇ... ಜಾಸ್ತಿ ಬರ್ಲಿ, ಜಾಸ್ತಿ ಬರ್ಲಿ ಅಂತ."

ಚೀಲ ಮುಟ್ಟಿದ್ದಿರಾ ಅತ್ತೆ ಎಂದು ಕೇಳಿದೆ. ಕೈಯಲ್ಲಿ ಹಿಡಿದು ನೋಡಿದ್ದುಂಟು, ಬಿಚ್ಚಿಲ್ಲ ಎಂದರು. ನಂಬಿದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಆ ರಾತ್ರಿ ಬೇರೆ ಚೀಲ ಹಾಕಿ ಟೇಪು ಸುತ್ತಿದೆ, ಚಿಲಕ ಹಾಕಲಿಲ್ಲ. ವಾಸನೆ ಬರಲಿಲ್ಲ. ಸೋಮವಾರ ಬೆಳಗ್ಗೆ ಚೀಲದಲ್ಲಿ ಹತ್ತು ಎಂಎಲ್ ಕೂಡ ಇರಲಿಲ್ಲ. ಚೊಂಬು ಕತ್ತಿನ ತನಕ ತುಂಬಿಯೇ ಇತ್ತು. ಡಾಕ್ಟರಮ್ಮ ಸ್ಕ್ಯಾನ್ ನೋಡಿ ಕೊಳವೆ ತೆಗೆದರು. ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದಾಗಿ ಒಂದೂವರೆ ವರ್ಷಕ್ಕೆ ಅತ್ತೆ ಹೋದರು. ಅದೇ ಕೋಣೆಯಲ್ಲಿ, ನಿದ್ದೆಯಲ್ಲೇ. ಹೃದಯ ನಿಂತಿತು ಎಂದರು. ಬದುಕಿರುವ ತನಕ ಚಿಲಕದ ಮಾತು ಅವರು ಎತ್ತಲಿಲ್ಲ. ನಾನಾದರೂ ಎತ್ತಬಹುದಿತ್ತು. ಇವರಿಗೂ ಅದು ಗೊತ್ತಿಲ್ಲ.

ಅವರು ಮಲಗುತ್ತಿದ್ದ ಜಾಗದಲ್ಲಿ ಪದ್ಧತಿಯಂತೆ ದೀಪ ಹಚ್ಚಿ, ಆ ಚೊಂಬಿನಲ್ಲೇ ನೀರಿಟ್ಟೆವು. ಹದಿಮೂರನೆಯ ದಿನ ದೀಪ ತೆಗೆದರು. ಚೊಂಬು ತೆಗೆಯಲು ನನಗಾಗಲಿಲ್ಲ. ಈಗಲೂ ಪ್ರತಿ ರಾತ್ರಿ ತುಂಬಿ, ಮುಚ್ಚಳ ಹಾಕಿ ಇಡುತ್ತೇನೆ. ಬೆಳಗ್ಗೆ ಗಿಡಕ್ಕೆ ಹಾಕುತ್ತೇನೆ.

ಇಪ್ಪತ್ತು ದಿನದಿಂದ ಗಿಡಕ್ಕೆ ಹಾಕಲು ಚೊಂಬಿನಲ್ಲಿ ನೀರಿಲ್ಲ.

ಇಪ್ಪತ್ತು ದಿನದಿಂದಲೇ ಇವರ ಪಾದ ಊದುತ್ತಿದೆ. ರಕ್ತದ ರಿಪೋರ್ಟಿನಲ್ಲಿ ಕಿಡ್ನಿಯ ಅಂಕಿ ಸ್ವಲ್ಪ ಏರಿದೆ. ಮೈಯಲ್ಲಿ ನೀರು ನಿಲ್ಲುತ್ತಿದೆ, ಹೀಗೇ ಆದರೆ ಕಿಡ್ನಿಗೆ ಕಷ್ಟ, ಅಳತೆ ಮಾಡಿ ಕುಡಿಯಿರಿ ಎಂದಿದ್ದಾರೆ ಡಾಕ್ಟರಮ್ಮ. ಇವರು ಬಾಟಲಿಗೆ ಗೆರೆ ಹಾಕಿಕೊಂಡು ಅಷ್ಟೇ ಕುಡಿಯುತ್ತಾರೆ. ನಾನು ನಂಬಲಿಲ್ಲ. ರಾತ್ರಿ ಎದ್ದು ಆ ಚೊಂಬಿನ ನೀರು ಕುಡಿಯುತ್ತಾರೇನೋ ಎಂದು ಮೂರು ರಾತ್ರಿ ಎಚ್ಚರವಿದ್ದು ಕಾದೆ. ಇವರು ಮಂಚದಿಂದ ಕಾಲು ಕೆಳಗಿಡಲಿಲ್ಲ.

ಮಲಗುವ ಮುಂಚೆ ತೂಕ ನೋಡುತ್ತೇವೆ, ಎದ್ದ ಕೂಡಲೇ ಮತ್ತೆ ನೋಡುತ್ತೇವೆ. ಮೂರು ಬೆಳಗ್ಗೆಯೂ ನಾನೂರು ಗ್ರಾಂ ಜಾಸ್ತಿ.

ನೀರಿಡುವುದನ್ನೇ ನಿಲ್ಲಿಸಬಾರದೇ ಎಂದು ನೀವು ಕೇಳಬಹುದು. ಅವರನ್ನು ಒಂದು ರಾತ್ರಿ ನೀರಿಲ್ಲದೆ ಕೂಡಿಹಾಕಿದ್ದೇನೆ. ಇನ್ನೊಂದು ಸಲ ನನ್ನ ಕೈಲಾಗುವುದಿಲ್ಲ.

ನಿನ್ನೆ ರಾತ್ರಿ ಚೊಂಬು ಇಟ್ಟು ಬಾಗಿಲಲ್ಲೇ ನಿಂತೆ. ಚಿಲಕದ ಮೇಲೆ ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. "ಅತ್ತೆ, ಅವತ್ತು ಬಾಗ್ಲು ಹಿಡ್ಕೊಂಡಿರ್ಲಿಲ್ಲ. ನಾನೇ ಹಾಕಿದ್ದೆ" ಎಂದೆ. ಆಮೇಲೆ, "ನೀವು ಕೊಟ್ಟಿದ್ದು ಸಾಕು. ಇನ್ನ ಕೊಸರು ಬೇಡ" ಎಂದೆ.

ಕತ್ತಲೆಯಲ್ಲಿ ನೆನೆಸಿದ ಬಾಳೆನಾರಿನ ವಾಸನೆ ಒಂದು ಸಲ ಬಂತು. ಅದು ಹೂಂ ಎಂದದ್ದೋ, ಅಲ್ಲವೋ ತಿಳಿಯಲಿಲ್ಲ.

ಈಗ ಬೆಳಕಾಗಿದೆ. ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಕೋಣೆಗೆ ಇನ್ನೂ ಹೋಗಿಲ್ಲ. ಹಾಲಿನಲ್ಲಿ ಇವರು ಎದ್ದರು. ಮಂಚದ ಕೆಳಗಿನಿಂದ ತೂಕದ ಯಂತ್ರ ಎಳೆದುಕೊಳ್ಳುವ ಸದ್ದು ಕೇಳುತ್ತಿದೆ...