ಊರು ಕೇಳಬೇಡಿ ಎಂದ ಮೇಷ್ಟ್ರು

"ಯಾವೂರು?" ಎಂದು ಯಾರಾದರೂ ಕೇಳಿದರೆ ಸಾಕು, ಕೃಷ್ಣಪ್ಪ ಮೇಷ್ಟ್ರು ಮುಖ ಗಂಟಿಕ್ಕುತ್ತಿದ್ದರು. ಎರಡು ಸಾವಿರದ ಒಂದರ ಜನಗಣತಿಯಲ್ಲಿ ಅವರು ಲಗ್ಗೆರೆಯ ಸೂಪರ್‌ವೈಸರ್. ಪ್ರೈಮರಿ ಸ್ಕೂಲ್ ಟೀಚರಾಗಿದ್ದ ನಾನು ಅವರ ಕೈಕೆಳಗೆ ಮನೆಮನೆ ಸುತ್ತಿ ಜನ ಎಣಿಸುವವಳು.

"ಊರು ಕೇಳಿದ್ರೆ ಬೆಂಗಳೂರಲ್ಲಿ ಬೆಂಗಳೂರಿನೋರು ಒಬ್ರೂ ಸಿಗಲ್ಲ ಮೇಡಂ. ಒಬ್ಬ ಹಾಸನ ಅಂತಾನೆ, ಒಬ್ಬ ಮಾಗಡಿ ಅಂತಾನೆ. ಎಲ್ಲಿ ಮಲಗಿ ಎದ್ದೇಳ್ತೀರ ಅಂತ ಕೇಳಿ," ಎನ್ನುತ್ತಿದ್ದರು. ಗಣತಿಯ ದಿನಗಳಲ್ಲಿ ಎಲ್ಲಿ ವಾಸವೋ ಅಲ್ಲಿಯ ಜನ. ಹುಟ್ಟೂರು, ಹೊಲ, ಮನೆದೇವರು ಯಾವುದಕ್ಕೂ ನಗರದ ಜನಸಂಖ್ಯೆಗೂ ಸಂಬಂಧವಿಲ್ಲ. ಇದನ್ನು ನನ್ನ ತಲೆಗೆ ತುಂಬಿದವರು ಅವರೇ, ಬೈದು ಬೈದು.

ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಲ್ಲಿ ಯಲ್ಲಮ್ಮನೆಂಬ ಬಾಣಂತಿ ಹೆಸರು ಬರೆಸಲು ಒಪ್ಪಲಿಲ್ಲ. ಇಲ್ಲಿ ಬರೆಸಿದರೆ ಸಿಂಧನೂರಿನ ಕಡೆಯ ತನ್ನೂರು ಕೈತಪ್ಪೀತೆಂದು ಅವಳಿಗೆ ಹೆದರಿಕೆ. "ಕುಡಿಯೋದು ಈ ಊರ ನೀರು, ಹೇಳ್ಕೊಳ್ಳೋದು ಆ ಊರ ಹೆಸರು," ಎಂದು ಮೇಷ್ಟ್ರು ನಾಲ್ಕು ಜನರೆದುರು ಅವಳ ಮಾನ ಕಳೆದರು. ಅಳುತ್ತಲೇ ಗಂಡನನ್ನು, ತನ್ನನ್ನು, ಇನ್ನೂ ಹೆಸರಿಡದ ಹೆಣ್ಣುಕೂಸನ್ನು ಬರೆಸಿದಳು. ನನಗೆ ಮೇಷ್ಟ್ರ ಮೇಲೆ ಅಸಹ್ಯವಾಯಿತು. ಆದರೆ ಶೆಡ್ಡಿನವರನ್ನು ಬಿಟ್ಟು ಮುಂದೆ ಹೋಗುವ ಗಣತಿಯವರೇ ಹೆಚ್ಚಿದ್ದಾಗ, ಈ ಮನುಷ್ಯ ಒಬ್ಬರನ್ನೂ ಬಿಡಲಿಲ್ಲ ಎಂಬುದೂ ನಿಜ.

ಮಾರ್ಚ್ ಮೊದಲ ವಾರ ಮತ್ತೆ ಸುತ್ತಬೇಕಿತ್ತು. ಫೆಬ್ರವರಿ ಮುಗಿದ ಮಧ್ಯರಾತ್ರಿಗೆ ಉಸಿರಿದ್ದವರು ಲೆಕ್ಕಕ್ಕೆ, ಅದಕ್ಕೆ ಮೊದಲೇ ಹೋದವರಿಗೆ ಗೀಟು. ಯಲ್ಲಮ್ಮನ ಕೂಸು ಜ್ವರ ಬಂದು ಸತ್ತಿತ್ತು. ಯಾವಾಗ ಎಂದು ಮೇಷ್ಟ್ರು ಕೇಳಿದರು. ಒಂದನೇ ತಾರೀಖು ಎಂದುಬಿಡಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಇಪ್ಪತ್ತೆಂಟರ ಸಂಜೆ, ದೀಪ ಹಚ್ಚುವ ಹೊತ್ತಿಗೆ ಎಂದಳು. ಮೇಷ್ಟ್ರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

"ಗೀಟ ಹೊಡೀಬ್ಯಾಡ್ರಿ ಸರ. ಆಕಿನ್ನ ಇಲ್ಲೇ ಮಣ್ಣು ಮಾಡೀವ್ರಿ. ಇನ್ನ ಇದಾ ನಮ್ಮೂರು."

"ಸತ್ತೋರು ಯಾವೂರಿಗೂ ಸೇರಲ್ಲಮ್ಮ," ಎಂದು ಕಡ್ಡಿ ಮುರಿದಂತೆ ಹೇಳಿ ಗೀಟೆಳೆದರು. ಅವಳು ಒಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡಳು.

ಐದಾರು ವರ್ಷದ ಮೇಲೆ, ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಬಸವೇಶ್ವರನಗರದ ಅವರ ಮನೆಗೆ ಹೋದೆ. ಅದೇ ಕೊನೆಯ ಭೇಟಿ. ಯಲ್ಲಮ್ಮನ ನೆನಪಿದೆಯೇ ಎಂದು ಕೇಳಿದೆ. ಒಂದು ನೋವಿನ ಮಾತು ಬರಲಿ ಎಂದು ಕಾದೆ. ನನಗೆ ಕೆಲಸ ಕಲಿಸಿದ ಮನುಷ್ಯನನ್ನು ಕ್ಷಮಿಸಲು ನನಗೆ ಅಷ್ಟು ಸಾಕಿತ್ತು.

"ಲಗ್ಗೆರೆ ಶೆಡ್ಡಿಂದಲ್ವಾ?" ಎಂದರು, ಮುಖ ಅರಳಿತು. "ನಮ್ ಲೆಕ್ಕದಲ್ಲಿ ಒಂದು ತಲೆನೂ ಹೆಚ್ಚುಕಮ್ಮಿ ಇರ್ಲಿಲ್ಲ ಮೇಡಂ."