ಅವಸರ ಇಲ್ಲ

ಗೆಳೆಯರೇ, ಗುರುಗ್ರಾಮದ ಆಫೀಸಿನಲ್ಲಿ ನನ್ನ ಗುಟ್ಟಿನ ಭಾಷೆಯಾದ ಕನ್ನಡ ಇಂದು ಕೈಕೊಟ್ಟಿತು. ನಮ್ಮ ಪ್ರಾಜೆಕ್ಟ್ ಮುಂದಿನ ತಿಂಗಳು ಮುಚ್ಚುತ್ತದೆಂದು ನನ್ನ ತಂಡಕ್ಕೆ ತಿಳಿಸದೆ ವಾರ ಕಳೆದಿದ್ದೆ. ಬೆಳಗ್ಗೆ ತಂಡದವರ ಎದುರೇ ಹೆಂಡತಿಗೆ ಫೋನಿನಲ್ಲಿ ಧೈರ್ಯವಾಗಿ, “ಅವರಿಗೆ ಈಗಲೇ ಹೇಳೋ ಅವಸರ ಇಲ್ಲ ಬಿಡು” ಅಂದೆ.

ಮಧ್ಯಾಹ್ನ ತಂಡದ ನೇಹಾ ಬಾಡಿದ ಮುಖದಲ್ಲಿ ಬಂದಳು. “ಸರ್, ಹಮಾರೇ ಲಿಯೇ ಕೋಯೀ ಅವಸರ್ ನಹೀಂ?”

ಹಿಂದಿಯಲ್ಲಿ ಅವಸರ ಎಂದರೆ ಅವಕಾಶ! ನನ್ನ ‘ಇಲ್ಲ’ವಂತೂ ಅವರಿಗೆಲ್ಲ ಪರಿಚಿತ; ನಮಗೆ ಯಾವ ಅವಕಾಶವೂ ಇಲ್ಲವೇ ಎಂದು ಅವಳ ಪ್ರಶ್ನೆ.

ಎಲ್ಲರನ್ನೂ ಕೂರಿಸಿ ನಿಜ ಹೇಳಿದೆ. ಪ್ರಾಜೆಕ್ಟ್ ಹೋಗುತ್ತದೆ, ಕೆಲಸ ಯಾರದೂ ಹೋಗುವುದಿಲ್ಲ, ಯಾರನ್ನು ಎಲ್ಲಿಗೆ ಹಾಕುತ್ತಾರೋ ನನಗೂ ಗೊತ್ತಿಲ್ಲ. ಹೇಳಲು ಹೆದರಿದ್ದೆ.

“ಅಚ್ಛಾ, ಇಷ್ಟೇನಾ ಸರ್? ನಾವೆಲ್ಲ ಆಗಲೇ ಬೇರೆ ಕಡೆ ರೆಸ್ಯೂಮೆ ಕಳಿಸಿದ್ದೆವು!” ನೇಹಾ ಹಿಂದಿಯಲ್ಲೇ ಹೇಳಿ ನಕ್ಕಳು.

ಎದೆ ಹಗುರವಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಜ ಹೇಳುವ ಹುರುಪಿನಲ್ಲಿ, ನನ್ನದನ್ನೂ ಕಳಿಸಿದ್ದೇನೆಂದು ಹೇಳಿಬಿಟ್ಟೆ.