ಸ್ವಭಾವ: ಒಳ್ಳೆಯದು

ತೊಂಬತ್ತರ ದಶಕದ ಕೊನೆಯಲ್ಲಿ ಚಳ್ಳಕೆರೆಯಲ್ಲಿ ಒಂದು ಸಣ್ಣ ಟ್ರಸ್ಟಿನವರು ಕುಡಿತ ಬಿಡಿಸುವ ಕೇಂದ್ರ ನಡೆಸುತ್ತಿದ್ದರು. ಅಲ್ಲಿ ಫಾರಂ ತುಂಬುವ ಕೆಲಸ ನನ್ನದು. ಹೆಸರು, ವಯಸ್ಸು, ಏನು ಕುಡಿಯುತ್ತಾರೆ, ಎಷ್ಟು ಕುಡಿಯುತ್ತಾರೆ, ಇದೆಲ್ಲ ಸಲೀಸು. ಕೊನೆಯ ಪ್ರಶ್ನೆ ಮಾತ್ರ ತೊಡಕಿನದು: ಕುಡಿತ ಕಲಿಯುವ ಮುಂಚೆ ಇವರ ಸ್ವಭಾವ ಹೇಗಿತ್ತು?

ನಮ್ಮ ಕಡೆ ಒಬ್ಬರ ಸ್ವಭಾವ ವಿಚಾರಿಸುವುದು ಮದುವೆ ಸಂಬಂಧ ನೋಡುವಾಗ ಮಾತ್ರ. ಆಗ ಕೊಡುವ ಉತ್ತರವೂ ಒಂದೇ. ಕೈ ನಡುಗುತ್ತ ಗೋಡೆಗೆ ಒರಗಿ ಕೂತವನ ತಾಯಿಯೂ, "ಬಂಗಾರದಂಥೋನು ಸ್ವಾಮಿ, ಇದೊಂದು ಬಿಟ್ರೆ" ಅನ್ನುತ್ತಿದ್ದಳು. ನಾನು 'ಒಳ್ಳೆಯದು' ಎಂದು ಬರೆಯುತ್ತಿದ್ದೆ. ನನ್ನ ಫಾರಂಗಳನ್ನು ನಂಬುವುದಾದರೆ, ಎರಡು ತಾಲೂಕಿನ ಸಜ್ಜನರೆಲ್ಲ ಸೇರಿ ಕುಡಿಯಲು ಹೋಗಿದ್ದರು.

ವಾರಕ್ಕೊಮ್ಮೆ ದುರ್ಗದಿಂದ ಬರುತ್ತಿದ್ದ ಡಾಕ್ಟರಮ್ಮನಿಗೆ ಇದು ಸರಿಬರುತ್ತಿರಲಿಲ್ಲ. "ಕುಡಿತಕ್ಕೆ ಬರೋರಾಗಲಿ, ಮನಸ್ಸಿನ ಕಾಯಿಲೆಗೆ ಬರೋರಾಗಲಿ, ಬಹಳ ಜನಕ್ಕೆ ವ್ಯಕ್ತಿತ್ವದಲ್ಲೇ ಒಂದು ತೊಂದರೆ ಇರುತ್ತೆ ಕಣ್ರಿ. ಬರೀ ಕುಡಿತ ಬಿಡಿಸಿದರೆ ಅದು ಹೋಗಲ್ಲ, ಅದನ್ನೂ ನೋಡಬೇಕು. ನೀವು ಎಲ್ಲರನ್ನೂ ಒಳ್ಳೆಯವರು ಮಾಡಿ ಕೂರಿಸಿದರೆ ನಾನೇನು ನೋಡಲಿ?" ಅನ್ನುತ್ತಿದ್ದರು. ನಾನು ತಲೆಯಾಡಿಸಿ, ಮುಂದಿನ ಫಾರಂನಲ್ಲೂ ಅದನ್ನೇ ಬರೆಯುತ್ತಿದ್ದೆ.

ನಮ್ಮಕ್ಕನ ಗಂಡ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಅವರ ಕುಡಿತ ಮಿತಿ ಮೀರಿದಾಗ ನಾನೇ ಹೋಗಿ ಪುಸಲಾಯಿಸಿ ಕರೆತಂದೆ. ಜೊತೆಗೆ ಅಕ್ಕ, ಅವಳ ಅತ್ತೆ. ಕೊನೆಯ ಪ್ರಶ್ನೆಗೆ ಅತ್ತೆ ತಮ್ಮ ಮನೆಮಾತು ತೆಲುಗಿನಲ್ಲಿ, "ಮಾ ವಾಡು ಬಂಗಾರಂ, ನಾಯ್ನಾ" ಅಂದರು. ಅದೇ ಬಂಗಾರ. ಹಿಂದೆ ನಿಂತಿದ್ದ ಅಕ್ಕ ಮೆಲ್ಲಗೆ, "ಕುಡಿಯೋಕಿಂತ ಮುಂಚೇನೂ ಹಿಂಗೇ ಇದ್ರು. ಮಗ್ಗದಾಗೆ ಕೂತ್ರೂ ನಾನು ಕಣ್ಣಿಗೆ ಬೀಳ್ತಿರ್ಬೇಕು. ಹೊಸ್ತಿಲು ದಾಟಿದ್ರೆ..." ಎಂದು ಶುರು ಮಾಡಿದಳು.

"ಅದೆಲ್ಲ ಈಗ್ಯಾಕಕ್ಕಾ," ಅಂದೆ. ಆಗ ನಮ್ಮ ತಂಗಿಗೆ ನಾಯಕನಹಟ್ಟಿ ಕಡೆಯಿಂದ ಸಂಬಂಧ ಬಂದಿತ್ತು. ಇಂಥ ಮಾತು ಹೊರಬಿದ್ದರೆ ಅದು ಮುರಿಯುತ್ತದೆಂಬ ಭಯ ನನಗೆ. ನಾನು 'ಒಳ್ಳೆಯದು' ಎಂದು ಬರೆದೆ.

ಭಾವ ಒಂದು ತಿಂಗಳಿದ್ದು ಕುಡಿತ ಬಿಟ್ಟರು. ನಿಜವಾಗಿಯೂ ಬಿಟ್ಟರು. ಟ್ರಸ್ಟಿನವರು ಹಾರ ಹಾಕಿ ಫೋಟೋ ತೆಗೆಸಿದರು. ತಂಗಿಯ ಮದುವೆಯಲ್ಲಿ ಅವರೇ ಮುಂದೆ ನಿಂತು ಬಡಿಸಿದರು, ನಮ್ಮವ್ವ ಕಂಡವರಿಗೆಲ್ಲ ನನ್ನನ್ನು ಹೊಗಳಿದಳು. ನಾನೂ ಉಬ್ಬಿಹೋಗಿದ್ದೆ.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಂದೇ ಚೀಲ ಹಿಡಿದು ಕೇಂದ್ರಕ್ಕೆ ಬಂದಳು. ಕೆನ್ನೆ ಊದಿತ್ತು. "ನಿಮ್ಮ ಭಾವ ಒಂದು ತೊಟ್ಟೂ ಕುಡಿದಿಲ್ಲ," ಅಂದಳು. "ಮೊದ್ಲು ಕುಡಿದು ಮಲಗ್ತಿದ್ರು, ಅಷ್ಟೊತ್ತಾದ್ರೂ ಬಿಡುವಿತ್ತು. ಈಗ ದಿನಪೂರ್ತಿ ಎಚ್ಚರ. ನಲ್ಲಿ ನೀರಿಗೆ ಹೋದ್ರೂ ಯಾರನ್ನ ನೋಡೋಕೋದೆ ಅಂತಾರೆ. ಮೊದ್ಲು ಬೀದಿಯೋರು ಅಯ್ಯೋ ಪಾಪ ಅಂತಿದ್ರು. ಈಗ, ಕುಡಿತ ಬಿಟ್ಟಾನಲ್ಲ, ಇನ್ನೇನ್ ಬೇಕು ನಿನಗೆ ಅಂತಾರೆ." ಮೊದಲು ತವರಿಗೇ ಹೋಗಿದ್ದಳಂತೆ. ನಮ್ಮವ್ವನೂ ಹಾಗೇ ಹೇಳಿ, ಸಂಜೆ ಬಸ್ಸಿಗೆ ವಾಪಸ್ ಹೋಗು ಅಂದಿದ್ದಳಂತೆ.

ಅವತ್ತು ಡಾಕ್ಟರಮ್ಮ ಬರುವ ದಿನ. ಅಕ್ಕನನ್ನು ಕೂರಿಸಿಕೊಂಡು ಭಾವನ ಫಾರಂ ತೆಗೆಸಿದರು. "ಮೊದಲಿಂದ ಹೀಗೇ ಇದ್ದರು ಅಂದ್ರೆ ಇಲ್ಲಿ ಒಳ್ಳೆಯದು ಅಂತ ಯಾಕಿದೆ? ಯಾರಮ್ಮಾ ಹೇಳಿದ್ದು?"

ಅಕ್ಕ ನನ್ನ ಕಡೆ ತಿರುಗಲಿಲ್ಲ. "ನಾನೇ ಹೇಳಿದ್ದು ಮೇಡಂ," ಅಂದಳು.

ಊದಿದ ಕೆನ್ನೆ ಹೊತ್ತುಕೊಂಡು ನನ್ನ ನೌಕರಿ ಕಾಯುತ್ತಿದ್ದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು. "ಸುಳ್ಳು ಮೇಡಂ. ಅವಳು ಹೇಳೋಕೆ ಬಂದಳು, ನಾನು ಬಿಡಲಿಲ್ಲ," ಅಂದೆ. ಡಾಕ್ಟರಮ್ಮ ಬೈಯಲಿಲ್ಲ. ಫಾರಂ ನನ್ನ ಕಡೆ ಸರಿಸಿ, "ಈಗ ಕೇಳಿ," ಅಂದರು.

ಕೇಳಿದೆ. ಕೊಟ್ಟಿದ್ದ ಜಾಗ ಸಾಲದೆ ಹಿಂಬದಿಗೆ ಬರೆದೆ, ಅದೂ ಸಾಲದೆ ಬೇರೆ ಹಾಳೆ ತಂದೆ. ಸಂಜೆ ಬಸ್ಸು ಹೋಗಿಯಾಗಿತ್ತು, ಅವಳಿನ್ನೂ ಹೇಳುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷ, ನಿನ್ನ ಗಂಡ ಹೇಗೆ ಅಂತ ನಮ್ಮ ಮನೆಯಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ.